ಶಕುನಿಯ ದಾಳ ಅಪ್ಪನ ಮೂಳೆಯದ್ದೇ? ನಗಿಸುವ ವಿಲನ್ ಅತ್ತಾಗ ನಾವೇಕೆ ಕರಗುತ್ತೇವೆ?

ಈ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಗಾಂಧಾರದ ರಾಜನನ್ನೂ ಅವನ ನೂರು ಮಕ್ಕಳನ್ನೂ ಸೆರೆಮನೆಗೆ ಹಾಕಿದರಂತೆ. ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದೇ ಅಗುಳು ಅನ್ನ. ಹೀಗಾದರೆ ಎಲ್ಲರೂ ಸಾಯುತ್ತೇವೆ, ಒಬ್ಬನಾದರೂ ಬದುಕಿ ಸೇಡು ತೀರಿಸಲಿ ಎಂದು ಎಲ್ಲರೂ ತಮ್ಮ ಅಗುಳನ್ನು ಕಿರಿಯವನಾದ ಶಕುನಿಗೆ ಕೊಟ್ಟರಂತೆ. ಸೇಡು ಮರೆಯದಿರಲಿ ಎಂದು ಅಪ್ಪನೇ ಮಗನ ಕಾಲು ಮುರಿದನಂತೆ. ಸತ್ತ ಮೇಲೆ ನನ್ನ ಮೂಳೆಯಿಂದ ದಾಳ ಮಾಡಿಕೋ, ನೀನು ಹೇಳಿದ ಹಾಗೆ ಬೀಳುತ್ತವೆ ಎಂದನಂತೆ. ಕೊನೆಗೆ ಎಂದಿನ ಸಾಲು: ಇದು ಟಿವಿಯಲ್ಲಿ ತೋರಿಸದ ನಿಜವಾದ ಮಹಾಭಾರತ, ಹತ್ತು ಜನರಿಗೆ ಕಳಿಸಿ.

ನನಗೆ ಇದು ಬಂದದ್ದು ನಮ್ಮ ಮನೆಯ ಗ್ರೂಪಿನಲ್ಲಿ. ಕಳಿಸಿದವರು ಗೋರ್ಟಾ (ಬಿ) ಊರಿನ ನಮ್ಮ ಕಾಕಾ. ಕೆಳಗೆ ಅವರೇ ಬರೆದಿದ್ದರು: "ನಾವು ಸುಮ್ಮನೆ ಬೈದೀವಿ ನೋಡ್ರಿ ಅವಗ."

ಬೈದದ್ದು ನಿಜ. 1988ರ ಅಕ್ಟೋಬರಿನಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಬರುತ್ತಿದ್ದಾಗ ಭಾನುವಾರ ಬೆಳಿಗ್ಗೆ ಊರೆಲ್ಲ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಸೇರುತ್ತಿತ್ತು. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕಥೆ ಗೊತ್ತೇ ಇತ್ತು. ಶಕುನಿ ಕುಂಟುತ್ತ ಬಂದು, ಒಂದು ಕಣ್ಣು ಕಿರಿದು ಮಾಡಿ "ಭಾಂಜೇ" ಎಂದರೆ ಸಾಕು, ಹುಡುಗರೆಲ್ಲ ನಗೆ. "ಬಂದ ನೋಡು ಮನಿ ಮುರುಕ" ಎಂದು ಆಯಿ ಬೈಯುತ್ತಿದ್ದಳು, ಬೈಯುತ್ತಲೇ ನಗುತ್ತಿದ್ದಳು. ಆ ಧಾರಾವಾಹಿಯಲ್ಲಿ ದುರ್ಯೋಧನನ ಮೇಲೆ ಸಿಟ್ಟು ಬರುತ್ತಿತ್ತು. ಶಕುನಿ ಮಾತ್ರ ಸಿಟ್ಟಿನ ಜೊತೆ ನಗುವನ್ನೂ ತರುತ್ತಿದ್ದ. ಅವನು ಅಳಬಹುದು ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಮೂಳೆಯ ದಾಳದ ಕಥೆ ನಿಜವೇ?

ವ್ಯಾಸರ ಸಂಸ್ಕೃತ ಮಹಾಭಾರತದಲ್ಲಿ ಈ ಕಥೆ ಇಲ್ಲ. ಇಲ್ಲದಿರುವುದಷ್ಟೇ ಅಲ್ಲ, ಅಲ್ಲಿರುವ ಸಂಗತಿಗಳಿಗೂ ಇದಕ್ಕೂ ಹೊಂದುವುದೂ ಇಲ್ಲ. ಆದಿಪರ್ವದಲ್ಲಿ ಭೀಷ್ಮ ಹೆಣ್ಣು ಕೇಳಲು ಕಳಿಸಿದಾಗ ಗಾಂಧಾರದ ರಾಜ ಸುಬಲ ವರ ಕುರುಡನೆಂದು ಹಿಂದೆ ಮುಂದೆ ನೋಡುತ್ತಾನೆ. ಕೊನೆಗೆ ಕುರುವಂಶದ ಹಿರಿಮೆ ನೆನೆದು ಒಪ್ಪುತ್ತಾನೆ. ಶಕುನಿಯೇ ಗಾಂಧಾರಿಯನ್ನು ಹಸ್ತಿನಾಪುರಕ್ಕೆ ಕರೆತಂದು, ಮದುವೆ ಮಾಡಿಕೊಟ್ಟು ತನ್ನ ಊರಿಗೆ ಮರಳುತ್ತಾನೆ. ಸೆರೆಮನೆಯಲ್ಲಿ ಸತ್ತನೆನ್ನುವ ಸುಬಲ ಎಷ್ಟೋ ವರ್ಷಗಳ ನಂತರ ಧರ್ಮರಾಯನ ರಾಜಸೂಯಕ್ಕೆ ಅತಿಥಿಯಾಗಿ ಬರುತ್ತಾನೆ. ಹಸಿದು ಸತ್ತರೆನ್ನುವ ತಮ್ಮಂದಿರು ಕುರುಕ್ಷೇತ್ರದಲ್ಲಿ ಯುದ್ಧ ಮಾಡುತ್ತಾರೆ: ಕೆಲವರು ಅರ್ಜುನನ ಮಗ ಇರಾವಂತನ ಕೈಯಲ್ಲಿ, ಇಬ್ಬರು ಅರ್ಜುನನ ಬಾಣಕ್ಕೆ ಸಾಯುತ್ತಾರೆ.

ಹಾಗಾದರೆ ಕಥೆ ಎಲ್ಲಿಂದ ಬಂತು? ಇದು ಯಾರೋ ಮೊನ್ನೆ ಫೋನಿನಲ್ಲಿ ಹುಟ್ಟಿಸಿದ್ದಲ್ಲ. 15ನೇ ಶತಮಾನದ ಒಡಿಯಾ ಕವಿ ಸಾರಳಾದಾಸನ ಭಾರತದಲ್ಲಿ ಇದು ಇದೆ. ಅಲ್ಲಿ ಸೆರೆಗೆ ಹಾಕುವವನು ಭೀಷ್ಮನಲ್ಲ, ದುರ್ಯೋಧನ. ಬೇರೆ ಬೇರೆ ಭಾಷೆಯ ಜನಪದ ಹೇಳಿಕೆಗಳಲ್ಲಿ, ಆಟಗಳಲ್ಲಿ, ಅಜ್ಜಿಯರ ಬಾಯಲ್ಲಿ ಇದು ಬೆಳೆದಿದೆ. ಆದ್ದರಿಂದ ಈ ಫಾರ್ವರ್ಡ್ ಬಗ್ಗೆ ನಮ್ಮ ತೀರ್ಮಾನ ಇಷ್ಟು: ಕಥೆ ಹಳೆಯದು, ಜನರದ್ದು, ಕೇಳಲು ಚೆನ್ನಾಗಿದೆ. "ವ್ಯಾಸರು ಬರೆದದ್ದು ಇದೇ, ಟಿವಿಯವರು ಮುಚ್ಚಿಟ್ಟರು" ಎಂಬ ಸಾಲು ಮಾತ್ರ ಸುಳ್ಳು.

ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಶಕುನಿ ಅಳುವ ಜಾಗ ವ್ಯಾಸರಲ್ಲೂ ಒಂದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಶಲ್ಯಪರ್ವ, ಯುದ್ಧದ ಹದಿನೆಂಟನೆಯ ದಿನ. ಶಕುನಿಗೆ ಉಲೂಕ ಎಂಬ ಮಗ. ಯುದ್ಧಕ್ಕೆ ಮೊದಲು ದುರ್ಯೋಧನನ ಚುಚ್ಚುಮಾತುಗಳನ್ನು ಹೊತ್ತುಕೊಂಡು ಪಾಂಡವರ ಬಿಡಾರಕ್ಕೆ ಹೋಗಿದ್ದವನು ಇವನೇ. ಅಪ್ಪನನ್ನು ಕಾಪಾಡಲು ಮುಂದೆ ಬಂದ ಉಲೂಕನನ್ನು ಸಹದೇವ ಶಕುನಿಯ ಕಣ್ಣೆದುರೇ ಕೊಲ್ಲುತ್ತಾನೆ. ಆಗ ಶಕುನಿಯ ಗಂಟಲು ಕಟ್ಟುತ್ತದೆ, ನಿಟ್ಟುಸಿರು ಬರುತ್ತದೆ, ಕಣ್ಣು ತುಂಬುತ್ತದೆ. ಬೇಡ ಬೇಡ ಎಂದು ಹಿಂದೆ ವಿದುರ ಹೇಳಿದ್ದ ಮಾತು ನೆನಪಾಗುತ್ತದೆ. ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ನಂತರ ಸಹದೇವನ ಎದುರು ಹೋಗಿ ಮೂರು ಬಾಣ ಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅವನೂ ಸಾಯುತ್ತಾನೆ. ಇಷ್ಟೇ, ಕೆಲವೇ ಸಾಲು. ಅಪ್ಪನ ಮೂಳೆ, ನೂರು ಹೆಣ, ಶಪಥ ಯಾವುದೂ ಇಲ್ಲ. ಮಗ ಸತ್ತ ತಂದೆಯೊಬ್ಬ ಇದ್ದಾನೆ.

ವಿಲನ್‌ಗೆ ದುಃಖ ಇರುವುದಿಲ್ಲ ಎಂದು ನಮಗೆ ಯಾರು ಹೇಳಿದರು?

ಯಾರೂ ಹೇಳಿಲ್ಲ, ನಮ್ಮ ತಲೆಯೇ ಹಾಗೆ ಲೆಕ್ಕ ಹಾಕುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಹಲವು ರೀತಿ ನೋಡಿದ್ದಾರೆ.

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ನೆ ಸಿಮ್ಮೆಲ್ ಅಮೆರಿಕದಲ್ಲಿ ಒಂದು ಪುಟ್ಟ ಚಿತ್ರ ಮಾಡಿದರು. ಅದರಲ್ಲಿ ಮನುಷ್ಯರೇ ಇಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕ. ಅವು ಅತ್ತಿತ್ತ ಸರಿದಾಡುತ್ತವೆ, ಅಷ್ಟೆ. ನೋಡಿದವರನ್ನು ಕೇಳಿದರೆ ಬಹುತೇಕ ಎಲ್ಲರೂ ಕಥೆ ಹೇಳಿದರು: ದೊಡ್ಡ ತ್ರಿಕೋನ ಪುಂಡ, ಸಣ್ಣ ಎರಡನ್ನು ಕಾಡುತ್ತಿದೆ ಎಂದು. ರೇಖೆಗಳಲ್ಲೂ ವಿಲನ್ ಹುಡುಕುವವರು ನಾವು. ಇನ್ನು ಕುಂಟುತ್ತ ಕಣ್ಣು ಕಿರಿದು ಮಾಡುವ ಮಾವ ಸಿಕ್ಕರೆ ಬಿಡುತ್ತೇವೆಯೇ?

ಒಮ್ಮೆ ಹೆಸರಿಟ್ಟ ಮೇಲೆ ಕಾರಣ ಹುಡುಕುವುದನ್ನು ಬಿಡುತ್ತೇವೆ. ಬಸ್ಸಿನಲ್ಲಿ ಚಿಲ್ಲರೆಗಾಗಿ ಗದರಿದ ಕಂಡಕ್ಟರ್ ನಮಗೆ "ಕೆಟ್ಟ ಮನುಷ್ಯ". ನಾವೇ ಮನೆಯಲ್ಲಿ ಗದರಿದರೆ "ಇವತ್ತು ತಲೆ ಕೆಟ್ಟಿತ್ತು". ನಮ್ಮ ತಪ್ಪಿಗೆ ಪರಿಸ್ಥಿತಿ ಕಾರಣ, ಬೇರೆಯವರ ತಪ್ಪಿಗೆ ಅವರ ಗುಣ ಕಾರಣ. 1977ರಲ್ಲಿ ಲೀ ರಾಸ್ ಎಂಬ ವಿಜ್ಞಾನಿ, ಬೇರೆಯವರ ನಡೆಯಲ್ಲಿ ಪರಿಸ್ಥಿತಿಯನ್ನು ಮರೆತು ಗುಣವನ್ನೇ ಹಿಡಿಯುವ ಈ ಅಭ್ಯಾಸಕ್ಕೆ ಹೆಸರಿಟ್ಟರು. ಕನ್ನಡದಲ್ಲಿ ಅದನ್ನು "ಗುಣಕ್ಕೆ ಗಂಟು ಹಾಕುವ ತಪ್ಪು" ಎನ್ನಬಹುದೇನೋ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. 2000ದ ಆಸುಪಾಸಿನಲ್ಲಿ ಬೆಲ್ಜಿಯಂನ ಜಾಕ್-ಫಿಲಿಪ್ ಲೆಯೆನ್ಸ್ ಮತ್ತು ಜೊತೆಗಾರರು ಒಂದು ಪ್ರಶ್ನೆ ಹಿಡಿದರು: ನಮ್ಮವರಲ್ಲದ ಜನರಲ್ಲಿ ಯಾವ ಭಾವನೆಗಳಿವೆ ಎಂದು ನಾವು ನಂಬುತ್ತೇವೆ? ಸಿಟ್ಟು, ಹೆದರಿಕೆ, ಖುಷಿಯಂಥ ಪ್ರಾಣಿಗಳಿಗೂ ಇರುವ ಭಾವನೆಗಳನ್ನು ಜನ ಎಲ್ಲರಿಗೂ ಕೊಡುತ್ತಾರೆ. ಕೊರಗು, ಪಶ್ಚಾತ್ತಾಪ, ಹಳೆಯದರ ಹಂಬಲ ಇಂಥ ಮನುಷ್ಯರಿಗೇ ಮೀಸಲಾದ ಭಾವನೆಗಳನ್ನು ಕೊಡುವಾಗ ಮಾತ್ರ ಕೈ ಹಿಡಿಯುತ್ತಾರೆ. ನಮ್ಮ ಗುಂಪಿನವರಿಗೆ ಧಾರಾಳ, ಹೊರಗಿನವರಿಗೆ ಜಿಪುಣತನ. ಬೇಕೆಂದು ಮಾಡುವುದಲ್ಲ ಇದು, ಗೊತ್ತಿಲ್ಲದೇ ಆಗುತ್ತದೆ.

ವಿಲನ್ ಸಿಟ್ಟಾದರೆ ನಮಗೆ ಏನೂ ಅನ್ನಿಸದಿರುವುದು ಇದಕ್ಕೇ. ಸಿಟ್ಟನ್ನು ಅವನಿಗೆ ಮೊದಲೇ ಕೊಟ್ಟಿದ್ದೇವೆ. ಅವನು ಕೊರಗಿದರೆ ತಡಬಡಾಯಿಸುತ್ತೇವೆ, ಯಾಕೆಂದರೆ ಅದು ನಾವು ಕೊಡದೇ ಉಳಿಸಿಕೊಂಡಿದ್ದ ವಸ್ತು. ನಗಿಸುವ ವಿಲನ್ ಆದರೆ ಇನ್ನೂ ಹೆಚ್ಚು. ಸಿಟ್ಟು ತರಿಸುವ ವಿಲನ್‌ನ ಮನಸ್ಸಿನಲ್ಲಿ ಏನಿದೆ ಎಂದಾದರೂ ಯೋಚಿಸುತ್ತೇವೆ, ಹೆದರಿಕೆ ಇರುತ್ತದಲ್ಲ. ನಗಿಸುವವನಿಗೆ ಮನಸ್ಸೇ ಇದೆ ಎಂಬುದು ನೆನಪಿರುವುದಿಲ್ಲ.

ಮಾಸ್ಕಿನ ಮೇಲಿನ ಕಣ್ಣು

ಇದನ್ನು ಟಿವಿ ಹಾಸ್ಯದಲ್ಲೇ ತೋರಿಸಿದ ಹೆಸರುವಾಸಿ ಉದಾಹರಣೆ ಅಮೆರಿಕದ 'ಮ್ಯಾಶ್'. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಕಥೆ, 1972ರಿಂದ 1983ರವರೆಗೆ ಬಂತು. ಅದರಲ್ಲಿ ಫ್ರ್ಯಾಂಕ್ ಬರ್ನ್ಸ್ ಎಂಬ ಡಾಕ್ಟರ್, ಪಾತ್ರಧಾರಿ ಲ್ಯಾರಿ ಲಿನ್ವಿಲ್. ಹೊಟ್ಟೆಕಿಚ್ಚು, ಚಾಡಿ, ಹೇಡಿತನ ಎಲ್ಲ ಒಟ್ಟಿಗೆ. ಮೇಲಧಿಕಾರಿ ಹೆನ್ರಿ ಬ್ಲೇಕ್‌ನ ಕುರ್ಚಿ ಕಿತ್ತುಕೊಳ್ಳಲು ಸದಾ ಹವಣಿಕೆ. ಪ್ರತಿ ಸಲವೂ ನಗೆಪಾಟಲು.

1975ರ ಮಾರ್ಚ್ 18ರ ಕಂತಿನಲ್ಲಿ ಹೆನ್ರಿಗೆ ಬಿಡುಗಡೆ ಸಿಕ್ಕಿ ಮನೆಗೆ ಹೊರಡುತ್ತಾನೆ. ಕಂತು ಮುಗಿಯಿತು ಎನ್ನುವಾಗ ಗುಮಾಸ್ತ ಹುಡುಗ ಆಪರೇಷನ್ ಕೋಣೆಗೆ ಬಂದು ತಂತಿ ಓದುತ್ತಾನೆ: ಹೆನ್ರಿ ಇದ್ದ ವಿಮಾನವನ್ನು ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಆ ಕೊನೆಯ ಪುಟವನ್ನು ಬಹುತೇಕ ನಟರಿಗೆ ಮೊದಲು ಕೊಟ್ಟಿರಲೇ ಇಲ್ಲ. ಡಾಕ್ಟರುಗಳು ಕೈ ಕೆಲಸ ನಿಲ್ಲಿಸುವ ಹಾಗಿಲ್ಲ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತದೆ. ಆ ಕಣ್ಣುಗಳಲ್ಲಿ ಫ್ರ್ಯಾಂಕ್‌ನದೂ ಒಂದು ಜೊತೆ, ಅದೂ ಒದ್ದೆ. ಯಾರ ಕುರ್ಚಿಗಾಗಿ ಮೂರು ವರ್ಷ ಒದ್ದಾಡಿದನೋ ಅವನಿಗಾಗಿ. ಮುಂದಿನ ಕಂತುಗಳಲ್ಲಿ ಫ್ರ್ಯಾಂಕ್ ಒಳ್ಳೆಯವನಾಗಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅದೇ ಚಾಡಿ, ಅದೇ ಹೊಟ್ಟೆಕಿಚ್ಚು. ದುಃಖ ಅವನನ್ನು ತಿದ್ದಲಿಲ್ಲ.

ಅಮೆರಿಕದವರೆಗೆ ಹೋಗದೇ ಮನೆ ಹತ್ತಿರವೇ ಇನ್ನೂ ದೊಡ್ಡ ಉದಾಹರಣೆ ಇದೆ, ಸಾವಿರ ವರ್ಷ ಹಳೆಯದು. ಬಳೆಗಾರರ ಮನೆಯಲ್ಲಿ, ಮುಧೋಳದಲ್ಲಿ ಹುಟ್ಟಿದ ರನ್ನ, ಚಾಲುಕ್ಯ ದೊರೆ ತೈಲಪನ ಮತ್ತು ಅವನ ಮಗ ಸತ್ಯಾಶ್ರಯನ ಆಸ್ಥಾನ ಕವಿ. ಇದೇ ರಾಜವಂಶ ಮುಂದೆ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇವತ್ತಿನ ಬಸವಕಲ್ಯಾಣಕ್ಕೆ ತಂದಿತು. ರನ್ನ 'ಗದಾಯುದ್ಧ'ದಲ್ಲಿ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸುತ್ತಾನೆ. ಹಾಗಾಗಿ ಭೀಮನೇ ನಾಯಕ, ದುರ್ಯೋಧನ ವಿಲನ್. ಅನ್ನ ಹಾಕುವ ದೊರೆ ಯಾರ ಪಕ್ಷ ಎಂಬುದರಲ್ಲಿ ಅನುಮಾನವೇ ಇಲ್ಲ.

ಆದರೂ ಆ ಕಾವ್ಯ ಓದಿದವರಿಗೆ ನೆನಪುಳಿಯುವುದು ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುವ ಭಾಗ. ಗುರು ದ್ರೋಣರನ್ನು ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಹೊಗಳುತ್ತಾನೆ, ಇಂಥ ಸಾವು ನನಗೂ ಬರಲಿ ಎನ್ನುತ್ತಾನೆ. ತನ್ನ ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು, ಕೊನೆಗೆ ಕರ್ಣನನ್ನು ಕಂಡು ಒಡೆದುಹೋಗುತ್ತಾನೆ. 20ನೇ ಶತಮಾನದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇದನ್ನೇ 'ಗದಾಯುದ್ಧ ನಾಟಕಂ' ಎಂದು ರಂಗಕ್ಕೆ ತಂದರು. ದುರ್ಯೋಧನ ದುರಂತ ನಾಯಕನೇ ಎಂಬ ಚರ್ಚೆ ಕನ್ನಡ ಪಾಠದ ಕೋಣೆಗಳಲ್ಲಿ ಇನ್ನೂ ನಿಂತಿಲ್ಲ. ರನ್ನ ಅವನ ತಪ್ಪು ಯಾವುದನ್ನೂ ಮುಚ್ಚಲಿಲ್ಲ, ಹೊಸ ಕಾರಣ ಹುಟ್ಟಿಸಿ ಅವನನ್ನು ಬಿಡಿಸಿಕೊಳ್ಳಲೂ ಇಲ್ಲ. ಅವನನ್ನು ಹೆಣಗಳ ನಡುವೆ ನಡೆಸಿದ, ಅಷ್ಟೇ. ಮೂಳೆಯ ದಾಳದ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ಇದು. ದಾಳದ ಕಥೆ ಶಕುನಿ ಮಾಡಿದ್ದಕ್ಕೆಲ್ಲ ಸಮಜಾಯಿಷಿ ಕೊಡುತ್ತದೆ. ಉಲೂಕನ ಸಾವು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಅಲ್ಲಿ ಶಕುನಿಗೆ ನೆನಪಾಗುವುದು ತನ್ನ ಸೇಡಲ್ಲ, ವಿದುರನ ಬುದ್ಧಿಮಾತು.

ಮೊಸಳೆ ನಿಜಕ್ಕೂ ಅಳುತ್ತದೆಯೇ?

"ಅವನದು ಮೊಸಳೆ ಕಣ್ಣೀರು" ಎನ್ನುವವರಿಗಾಗಿ ಈ ಭಾಗ. 2007ರಲ್ಲಿ ಅಮೆರಿಕದಲ್ಲಿ ಮೊಸಳೆಯ ಹತ್ತಿರದ ಸಂಬಂಧಿಗಳಾದ ಏಳು ಕೈಮನ್ ಮತ್ತು ಅಲಿಗೇಟರ್‌ಗಳಿಗೆ ಒಣ ನೆಲದ ಮೇಲೆ ಮೇವು ಹಾಕಿ ಚಿತ್ರೀಕರಿಸಿದರು. ಐದರ ಕಣ್ಣಲ್ಲಿ ತಿನ್ನುವಾಗ ನೀರು ಬಂತು. ದುಃಖದಿಂದಲ್ಲ. ತಿನ್ನುವಾಗ ಬುಸುಗುಟ್ಟುವ ಗಾಳಿ ಕಣ್ಣೀರನ್ನು ಹೊರಗೆ ತಳ್ಳುತ್ತಿರಬಹುದು ಎಂದು ವಿಜ್ಞಾನಿಗಳ ಊಹೆ. ಹೀಗಾಗಿ ಗಾದೆಗೆ ಅರ್ಧ ಅಂಕ ಕೊಡಬಹುದು.

ಮನುಷ್ಯರ ಕಣ್ಣೀರಿನ ಕೆಲಸ ಬೇರೆ. 2009ರಲ್ಲಿ ರಾಬರ್ಟ್ ಪ್ರೊವೈನ್ ಎಂಬುವವರು ಅಳುವ ಮುಖಗಳ ಫೋಟೋ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಹನಿಗಳನ್ನಷ್ಟೇ ಅಳಿಸಿದರು. ಮುಖ ಅದೇ, ಹುಬ್ಬು ತುಟಿ ಅವೇ. ಆದರೂ ಜನರಿಗೆ ಆ ಮುಖ ಅಷ್ಟು ದುಃಖದ್ದಾಗಿ ಕಾಣಲಿಲ್ಲ, ಕೆಲವು ಮುಖಗಳಂತೂ ಬೆರಗಿನವೋ ಯೋಚನೆಯವೋ ಎಂದು ಗೊಂದಲವಾಯಿತು. ಕಣ್ಣೀರು ಎದುರಿನವರಿಗೆ ಕೊಡುವ ಸೂಚನೆ. ಅದು ಕಂಡರೆ ನಾವು ಕರಗುವುದು ದಡ್ಡತನವಲ್ಲ, ನಾವು ಇರುವುದೇ ಹಾಗೆ.

ಹಾಗೆಂದು ಕಣ್ಣೀರು ನೋಡಿ ನಿಜ ಸುಳ್ಳು ಹೇಳಬಲ್ಲೆವೇ? ಆಗುವುದಿಲ್ಲ. ಎದುರಿನವರು ಸುಳ್ಳು ಹೇಳುತ್ತಿದ್ದಾರೋ ಇಲ್ಲವೋ ಎಂದು ಬರೀ ನೋಡಿ ಕೇಳಿ ಗುರುತಿಸುವುದರಲ್ಲಿ ನಾವು ಸರಿಯಾಗುವುದು ನೂರಕ್ಕೆ ಸುಮಾರು 54 ಸಲ ಎಂದು ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಹೇಳುತ್ತದೆ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಯಾರೋ ಅಳುವ ಹದಿನೈದು ಸೆಕೆಂಡಿನ ವಿಡಿಯೋಗೆ "ನಾಟಕ ನೋಡಿ" ಎಂದು ಬರೆದು ಕಳಿಸುವವರು ಆ ನಾಲ್ಕು ಅಂಕದ ಮೇಲೆ ತೀರ್ಪು ಕೊಡುತ್ತಿರುತ್ತಾರೆ.

ಇದಕ್ಕಿಂತ ಕ್ರೂರವಾದದ್ದು ತಿರುಗಿನ ತೀರ್ಪು: ಅಳಲಿಲ್ಲ, ಆದ್ದರಿಂದ ದುಃಖವಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸುಮ್ಮನೆ ಗೋಡೆಗೆ ಒರಗಿ ಕೂತ ಸೊಸೆಗೆ "ಕಲ್ಲೆದೆ" ಎಂದು ಅಂದೇ ಹೆಸರು ಬೀಳುತ್ತದೆ, ವರ್ಷವಾದರೂ ಹೋಗುವುದಿಲ್ಲ. ಶೋಕಕ್ಕೆ ಒಂದೇ ರೂಪ ಇಲ್ಲ. ಐದು ಹಂತ ಎಂದು ಎಲ್ಲರೂ ಹೇಳುತ್ತಾರಲ್ಲ, ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ, ಉಳಿದವರ ಶೋಕಕ್ಕೆ ಅಳತೆಗೋಲಾಗಿ ಅಲ್ಲ. 1997ರಲ್ಲಿ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರನ್ನು ಮಾತಾಡಿಸಿದಾಗ ಹಲವರು ಸತ್ತವರ ಬಗ್ಗೆ ಹೇಳುತ್ತ ಮನಸಾರೆ ನಕ್ಕರು. ಹಾಗೆ ನಕ್ಕವರ ಸಂಕಟ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ತಿಂಗಳುಗಟ್ಟಲೆ ಊಟ, ನಿದ್ದೆ, ಕೆಲಸ ಎಲ್ಲ ತಪ್ಪಿ ಮನುಷ್ಯ ಅಲ್ಲೇ ನಿಂತುಬಿಟ್ಟರೆ ಮಾತ್ರ ಅದು ಸಹಾಯ ಬೇಕಾದ ಸ್ಥಿತಿ. ಅದಕ್ಕೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪಾತ್ರ ಬೇರೆ, ಮನುಷ್ಯ ಬೇರೆ

ಆ ಶಕುನಿಯಾಗಿದ್ದ ಗೂಫಿ ಪೈಂಟಲ್ ಓದಿದ್ದು ಎಂಜಿನಿಯರಿಂಗ್. 'ಮಹಾಭಾರತ'ಕ್ಕೆ ನಟರನ್ನು ಆರಿಸಿದವರಲ್ಲಿ ಅವರೂ ಒಬ್ಬರು. ಹಾಸ್ಯನಟ ಪೈಂಟಲ್ ಅವರ ಅಣ್ಣ. 2023ರ ಜೂನ್ 5ರಂದು ಮುಂಬಯಿಯಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ನಮ್ಮ ಗ್ರೂಪಿನಲ್ಲಿ ಒಂದು ನಮೂನೆಯ ಮೌನ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳ ಸಾಲು, ನಡುವೆ ಒಬ್ಬ ತರುಣನ "ಶಕುನಿ ಹೋದ" ಎಂಬ ಮಾತಿಗೆ ಕಾಕಾ ಗದರಿದ್ದು ನೆನಪಿದೆ.

ನಟ ಮಾಡಿದ್ದು ಯಾರೋ ಬರೆದುಕೊಟ್ಟ ಪಾತ್ರ ಎಂದು ಗೊತ್ತಿದ್ದೂ ನಾವು ಹೀಗೇಕೆ ಬೆರೆಸುತ್ತೇವೆ? 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬಿಬ್ಬರು ಕ್ಯೂಬಾದ ಕ್ಯಾಸ್ಟ್ರೋ ಪರ ಮತ್ತು ವಿರೋಧದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವರಿಗೆ ಪಕ್ಷ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ, ಹೇಳಿದಂತೆ ಬರೆದಿದ್ದಾರೆ ಎಂದು ತಿಳಿಸಿದ ಮೇಲೂ ಓದಿದವರು ಬರೆದದ್ದೇ ಅವರ ಮನಸ್ಸಿನಲ್ಲಿರುವುದು ಎಂದುಕೊಂಡರು. ಸಾವಿನ ಸುದ್ದಿ ಬಂದ ದಿನವಷ್ಟೇ ಈ ಅಂಟು ಸ್ವಲ್ಪ ಬಿಡುತ್ತದೆ.

ಗೋರ್ಟಾದಲ್ಲಿ ನಿಂತು ಹೇಳಬೇಕಾದ ಮಾತು

ಇದನ್ನೆಲ್ಲ ಗೋರ್ಟಾದ ಹಿರಿಯರ ಎದುರು ಹೇಳುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ. 1948ರ ಮೇ ತಿಂಗಳಲ್ಲಿ ರಜಾಕಾರರು ಈ ಊರಿನಲ್ಲಿ ಸುಮಾರು 200 ಜನರನ್ನು ಕೊಂದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಅದೇ ಸೆಪ್ಟೆಂಬರಿನಲ್ಲಿ. ಹುತಾತ್ಮರ ಸ್ಮಾರಕ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಇಲ್ಲಿ "ವಿಲನ್‌ಗೂ ದುಃಖ ಇರುತ್ತದೆ" ಎಂದರೆ, "ಹಂಗಾರ ನಮ್ಮ ದುಃಖ?" ಎಂದು ಯಾರಾದರೂ ಕೇಳುವುದು ನ್ಯಾಯವೇ.

ಉತ್ತರ ರನ್ನನಲ್ಲೇ ಇದೆ. ದುರ್ಯೋಧನ ಅತ್ತದ್ದರಿಂದ ದ್ರೌಪದಿಯ ಮುಡಿ ಹಿಡಿದೆಳೆದದ್ದು ಅಳಿಸಿಹೋಗಲಿಲ್ಲ, ಗದಾಯುದ್ಧವೂ ನಿಲ್ಲಲಿಲ್ಲ. ಕೊಂದವನಿಗೂ ಮನೆಯಲ್ಲಿ ಮಗನಿದ್ದ ಎಂದು ಒಪ್ಪುವುದಕ್ಕೂ ಕೊಂದದ್ದನ್ನು ಮಾಫಿ ಮಾಡುವುದಕ್ಕೂ ಸಂಬಂಧವಿಲ್ಲ. ಮೊದಲನೆಯದು ಇದ್ದ ಸಂಗತಿ. ಎರಡನೆಯದು ಕಳೆದುಕೊಂಡವರ ಹಕ್ಕು, ಬೇರೆ ಯಾರೂ ಅವರ ಪರವಾಗಿ ಕೊಡುವಂತಿಲ್ಲ.

ಆದರೆ ಅದೇ 1948ರ ಫೋಟೋ ಎಂದು ಎಲ್ಲಿಯದೋ ಹೆಣಗಳ ಚಿತ್ರ ಹಾಕಿ, ಇವತ್ತು ಪಕ್ಕದ ಓಣಿಯಲ್ಲಿ ಕಿರಾಣಿ ಅಂಗಡಿ ನಡೆಸುವವನನ್ನು ತೋರಿಸಿ "ಇವರೆಲ್ಲ ಹೀಗೇ" ಎನ್ನುವ ಫಾರ್ವರ್ಡ್ ಬಂದರೆ, ಅಲ್ಲಿ ನಡೆಯುತ್ತಿರುವುದು ಲೆಯೆನ್ಸ್ ಹೇಳಿದ್ದೇ. ಸಿಟ್ಟು ದ್ವೇಷ ಅವರಿಗೆ, ಕೊರಗು ನಮಗೆ ಮಾತ್ರ. ಅಂಥದ್ದು ಬಂದಾಗ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಿಂದೆ ಎಲ್ಲಿ ಬಂದಿತ್ತು ಎಂದು ನೋಡಲು ಅರ್ಧ ನಿಮಿಷ ಸಾಕು.

ಕಾಕಾ ಅವರ ಫಾರ್ವರ್ಡಿಗೆ ನಾನು ಕೊನೆಗೆ ಉತ್ತರ ಬರೆದೆ. ಮೂಳೆಯ ದಾಳ ವ್ಯಾಸರಲ್ಲಿಲ್ಲ, ಉಲೂಕನ ಸಾವು ಇದೆ ಎಂದು ನಾಲ್ಕು ಸಾಲು. ಸ್ವಲ್ಪ ಹೊತ್ತು ಎರಡು ನೀಲಿ ಗೆರೆ ಮಾತ್ರ. ಆಮೇಲೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಎಮ್ಮೆ ಕೂಗುವುದು ಕೇಳುತ್ತಿತ್ತು: "ಮಗಾ ಇದ್ದ ಅಂತ ಗೊತ್ತೇ ಇರಲಿಲ್ಲ ನೋಡಪಾ. ಅವನ ಅವ್ವ ಯಾರಿದ್ದಳು?"